ಅಕ್ಷರವೂ ಆತ್ಮವೂ

ನಮ್ಮ ಹಳ್ಳಿಯ ಸಭೆಗಳಲ್ಲಿ ಹಿರಿಯರು ಕೂಡಿ ಸಭಿಕರ ನಡತೆಯನ್ನು ವಿಚಾರಿಸುವಾಗ ಎರಡು ಪಕ್ಷಗಳು ಏಳುವದು ಹೊಸದಲ್ಲ. ಕೂಲಿಯವನೊಬ್ಬನು ಭಾನುವಾರ ಒಡೆಯನ ಗದ್ದೆಗೆ ನಾಟಿಯ ಕೆಲಸಕ್ಕೆ ಹೋದನು; ಇವನನ್ನು ಕರ್ತನ ರಾತ್ರಿಭೋಜನಕ್ಕೆ ಸೇರಿಸಬಹುದೋ, ಸೇರಿಸಬಾರದೋ? ಒಂದು ಪಕ್ಷದವರು, ವಿಧಿ ವಿಧಿಯೇ, ಇಂದು ಒಬ್ಬನಿಗೆ ಸಡಿಲಿಸಿದರೆ ನಾಳೆ ಹತ್ತು ಮಂದಿ ಅದೇ ದಾರಿ ಹಿಡಿಯುವರು, ಆದದರಿಂದ ಇವನನ್ನು ತಡೆಯತಕ್ಕದ್ದು ಅನ್ನುತ್ತಾರೆ. ಮತ್ತೊಂದು ಪಕ್ಷದವರು, ದೇವರು ಹೃದಯವನ್ನು ನೋಡುವವನೇ ಹೊರತು ವಾರ ತಿಥಿಗಳನ್ನು ಲೆಕ್ಕಿಸುವವನಲ್ಲ, ಕ್ರಿಸ್ತನು ನಮ್ಮನ್ನು ವಿಧಿಗಳ ನೊಗದಿಂದ ಬಿಡಿಸಿದನಲ್ಲವೇ ಅನ್ನುತ್ತಾರೆ. ವಿಚಿತ್ರವೇನಂದರೆ, ಈ ಎರಡನೆಯ ಮಾತನ್ನು ಬಡ ಕೂಲಿಯವನ ಪರವಾಗಿ ಆಡುವವರು ಕೆಲವರೇ. ಸಂತೆಗೆ ಹೋಗುವದಕ್ಕೋಸ್ಕರ ಆರಾಧನೆಯನ್ನು ತಪ್ಪಿಸಿ, ತಮ್ಮ ಪರವಾಗಿಯೇ ಇದನ್ನು ಆಡುವವರು ಅನೇಕರು.

ಬರೀ ಅಕ್ಷರವಾಗಿ ನಿಂತ ವಿಧಿಯಿಂದ ಮರಣವೂ, ದೇವರಾತ್ಮನಿಂದ ಜೀವವೂ ಬರುವವೆಂದು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ೩ನೆಯ ಅಧ್ಯಾಯದಲ್ಲಿ ಬೋಧಿಸಿದ್ದಾನೆ. ಈ ಬೋಧನೆಯ ವಿಷಯದಲ್ಲಿ ಕ್ರೈಸ್ತರಾದ ನಮಗೆ ಸಂದೇಹವಿಲ್ಲ. ಸಂದೇಹ ಬರುವದು ಅದನ್ನು ನಡತೆಗೆ ತರುವಾಗ. ಒಬ್ಬನು ವಿಧಿಯ ಅಕ್ಷರವನ್ನು ದಾಟಿದರೆ, ಅವನನ್ನು ದಾಟಿಸಿದ್ದು ದೇವರಾತ್ಮವೋ ಅವನ ಸ್ವಂತ ಇಷ್ಟವೋ ಎಂದು ತಿಳಿಯುವದು ಹೇಗೆ? ಇಬ್ಬರು ಭಾನುವಾರ ಬೆಳಿಗ್ಗೆ ಕುಡುಗೋಲು ಹಿಡಿದು ಹೊರಡುತ್ತಾರೆ. ದಾರಿಯಲ್ಲಿ ನಿಂತು ನೋಡುವವನಿಗೆ ಇಬ್ಬರೂ ಒಂದೇ ಆಗಿ ಕಾಣುವರು. ಆದರೂ ಒಬ್ಬನು ದೇವರಿಗೆ ವಿಧೇಯನಾಗಿಯೂ ಮತ್ತೊಬ್ಬನು ಅವಿಧೇಯನಾಗಿಯೂ ಇರಬಹುದು. ಇವರ ಭೇದವನ್ನು ತಿಳಿಯುವ ಒರೆಗಲ್ಲು ಬೇಕು. ಅದನ್ನು ನಮ್ಮ ತರ್ಕದಲ್ಲಿ ಹುಡುಕದೆ ಕರ್ತನ ನಡತೆಯಲ್ಲಿಯೇ ಹುಡುಕೋಣ. ಅದಕ್ಕೆ ಸಬ್ಬತ್ತಿನ ಆಜ್ಞೆಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಒಂದು ಸಂಗತಿ ಸ್ಪಷ್ಟವಾಗಿರಲಿ. ಸಬ್ಬತ್ತು ವಾರದ ಏಳನೆಯ ದಿನ, ಅಂದರೆ ಶನಿವಾರ. ನಾವು ಆಚರಿಸುವ ಭಾನುವಾರ ಕರ್ತನು ಮರಣದಿಂದ ಎದ್ದ ದಿನ. ಇವೆರಡೂ ಒಂದೇ ಅಲ್ಲ. ಹಬ್ಬಗಳ ವಿಷಯದಲ್ಲಿಯೂ ಸಬ್ಬತ್ತಿನ ವಿಷಯದಲ್ಲಿಯೂ ಒಬ್ಬರು ಮತ್ತೊಬ್ಬರಿಗೆ ತೀರ್ಪುಮಾಡಕೂಡದೆಂದು ಪೌಲನು ಕೊಲೊಸ್ಸೆಯ ಸಭೆಗೆ ಬುದ್ಧಿಹೇಳಿದ್ದಾನೆ. ಆದಾಗ್ಯೂ ವಿಶ್ರಾಂತಿಯ ಆಜ್ಞೆಯ ಸಾರವನ್ನು ನಮ್ಮ ಹಿರಿಯರು ಕರ್ತನ ದಿನಕ್ಕೆ ಕೂಡಿಸಿ ನಮಗೆ ಒಪ್ಪಿಸಿದ್ದರಿಂದ, ಒಂದನ್ನು ಕುರಿತ ವಿಚಾರ ಮತ್ತೊಂದಕ್ಕೂ ಸಲ್ಲುತ್ತದೆ.

ಹತ್ತು ಆಜ್ಞೆಗಳು ಮೋಶೆಯ ಪುಸ್ತಕಗಳಲ್ಲಿ ಎರಡು ಕಡೆ ಬರೆದಿವೆ. ವಿಮೋಚನಕಾಂಡದ ೨೦ನೆಯ ಅಧ್ಯಾಯದಲ್ಲಿ ಸಬ್ಬತ್ತಿಗೆ ಕೊಟ್ಟಿರುವ ಕಾರಣ, ದೇವರು ಆರು ದಿನ ಸೃಷ್ಟಿಯ ಕಾರ್ಯವನ್ನು ನಡಿಸಿ ಏಳನೆಯ ದಿನದಲ್ಲಿ ವಿಶ್ರಮಿಸಿದನೆಂಬದು. ಧರ್ಮೋಪದೇಶಕಾಂಡದ ೫ನೆಯ ಅಧ್ಯಾಯದಲ್ಲಿ ಕಾರಣ ಬೇರೆಯಾಗಿದೆ. ಅಲ್ಲಿ ಮೋಶೆಯು ಜನರಿಗೆ ಐಗುಪ್ತದ ದಾಸತ್ವವನ್ನು ಜ್ಞಾಪಕಪಡಿಸುತ್ತಾನೆ. ನೀವು ಒಮ್ಮೆ ಬಿಟ್ಟಿಯಾಳುಗಳಾಗಿ ಬಿಡುವಿಲ್ಲದೆ ದುಡಿದವರು. ಈಗ ನಿಮ್ಮ ಮನೆಯ ದಾಸನೂ ದಾಸಿಯೂ ನಿಮ್ಮಂತೆಯೇ ದಣಿವಾರಿಸಿಕೊಳ್ಳಬೇಕು. ನಿಮ್ಮ ಎತ್ತಿಗೂ ಕತ್ತೆಗೂ ನಿಮ್ಮೂರಲ್ಲಿ ಇಳಿದಿರುವ ಪರದೇಶಿಗೂ ಅದೇ ವಿಶ್ರಾಂತಿ ದೊರೆಯಬೇಕು ಎಂಬದು ಅಲ್ಲಿಯ ತಾತ್ಪರ್ಯ. ವಾಚಕರು ಇದನ್ನು ಗಮನಿಸಬೇಕು. ವಿಧಿಯ ಆತ್ಮವೆಂಬದು ಎಲ್ಲಿಯೋ ಮೇಲೆ ತೇಲುತ್ತಿರುವ, ಯಾರು ಬೇಕಾದರೂ ತಮಗೆ ತೋಚಿದಂತೆ ಹಿಡಿಯಬಹುದಾದ ವಸ್ತುವಲ್ಲ. ಅದು ಅಕ್ಷರದ ಒಳಗೇ ಬರೆದಿದೆ. ಸಬ್ಬತ್ತಿನ ಆತ್ಮವು ದಣಿದವನಿಗೆ, ಮುಖ್ಯವಾಗಿ ಮತ್ತೊಬ್ಬನ ಕೈಕೆಳಗೆ ದಣಿದವನಿಗೆ, ದೇವರ ಕೈಯಿಂದ ದೊರೆಯುವ ಬಿಡುಗಡೆಯೇ.

ಇಂಥ ಒಳ್ಳೇ ಆಜ್ಞೆಯು ಭಾರವಾದದ್ದು ಹೇಗೆ? ಯೆಹೂದ್ಯರ ಶಾಸ್ತ್ರಿಗಳು ಕೆಟ್ಟವರಾಗಿದ್ದದರಿಂದ ಎಂದು ಹೇಳಿಬಿಡುವದು ಸುಲಭ, ಆದರೆ ನ್ಯಾಯವಲ್ಲ. ಅವರು ಆಜ್ಞೆಯನ್ನು ಪ್ರೀತಿಸಿದವರು. ಬೆಳೆಯುಳ್ಳ ಹೊಲಕ್ಕೆ ರೈತನು ಬೇಲಿ ಹಾಕುವಂತೆ ಅವರು ಆಜ್ಞೆಯ ಸುತ್ತಲೂ ಬೇಲಿ ಹಾಕಿದರು. ಕೆಲಸ ಮಾಡಬಾರದೆಂದರೆ ಯಾವದು ಕೆಲಸ ಎಂಬ ಪ್ರಶ್ನೆ ಹುಟ್ಟಿತು. ಕ್ರಿ. ಶ. ೨೦೦ರ ಸುಮಾರಿಗೆ ಕೂಡಿಸಲ್ಪಟ್ಟ ಮಿಶ್ನ ಎಂಬ ಗ್ರಂಥದಲ್ಲಿ ಸಬ್ಬತ್ತಿನಲ್ಲಿ ಮಾಡಬಾರದ ೩೯ ಬಗೆಯ ಕೆಲಸಗಳ ಪಟ್ಟಿ ಇದೆ. ಅದರಲ್ಲಿ ಮೊದಲಿನವು ಬಿತ್ತುವದು, ಉಳುವದು, ಕೊಯ್ಯುವದು, ಸಿವುಡು ಕಟ್ಟುವದು, ಒಕ್ಕುವದು, ತೂರುವದು, ಬೀಸುವದು, ನಾದುವದು, ಸುಡುವದು ಮೊದಲಾದ ರೈತನ ಮತ್ತು ರೊಟ್ಟಿಮಾಡುವವನ ಕೆಲಸಗಳೇ. ಕರ್ತನ ಕಾಲದಲ್ಲಿ ಈ ಪಟ್ಟಿಯನ್ನು ಹೀಗೆ ಬರೆದಿಟ್ಟಿರಲಿಲ್ಲವಾದರೂ ಆ ವಿಚಾರದ ದಾರಿ ಆಗಲೇ ಸವೆದಿತ್ತು.

ಆ ಜನರು ಸಬ್ಬತ್ತಿಗೋಸ್ಕರ ಪ್ರಾಣವನ್ನೂ ಕೊಟ್ಟರು. ಕ್ರಿಸ್ತಪೂರ್ವ ೧೬೭ರ ಸುಮಾರಿನಲ್ಲಿ ಅಂತಿಯೋಕನೆಂಬ ಅರಸನು ಅವರ ಧರ್ಮವನ್ನು ಅಳಿಸಲು ಯತ್ನಿಸಿದಾಗ, ಅಡವಿಗೆ ಓಡಿಹೋದವರ ಮೇಲೆ ಅವನ ದಂಡು ಸಬ್ಬತ್ ದಿನದಲ್ಲಿಯೇ ಬಿದ್ದಿತು. ಅವರು ಒಂದು ಕಲ್ಲನ್ನಾದರೂ ಬೀರದೆ, ಹೆಂಡರು ಮಕ್ಕಳು ಸಹಿತವಾಗಿ ಸುಮಾರು ೧,೦೦೦ ಮಂದಿ ಸತ್ತರೆಂದು ಮಕ್ಕಬಿಯರ ಮೊದಲನೆಯ ಪುಸ್ತಕವು ತಿಳಿಸುತ್ತದೆ. ಇದನ್ನು ಕೇಳಿ ಮತ್ತತೀಯನೂ ಅವನ ಸಂಗಡಿಗರೂ ದುಃಖಪಟ್ಟು, ಇನ್ನು ಮುಂದೆ ಸಬ್ಬತ್ತಿನಲ್ಲಿ ವೈರಿಯು ಬಂದರೆ ಎದುರಿಸಿ ನಿಲ್ಲುವದೆಂದು ಗೊತ್ತುಮಾಡಿದರು. ತರುವಾಯ ಅವರ ಬೋಧಕರು, ಪ್ರಾಣಾಪಾಯವಿರುವಲ್ಲಿ ಸಬ್ಬತ್ತನ್ನು ಮೀರಬಹುದೆಂದು ಸ್ಪಷ್ಟವಾಗಿ ಕಲಿಸಿದರು. ಆದಕಾರಣ ಅಕ್ಷರವೆಲ್ಲಾ ಯೆಹೂದ್ಯರದು, ಆತ್ಮವೆಲ್ಲಾ ನಮ್ಮದು ಎಂದು ಹೆಮ್ಮೆಪಡುವದಕ್ಕೆ ನಮಗೆ ಆಸ್ಪದವಿಲ್ಲ. ಅವರಿಗಿದ್ದ ಶೋಧನೆಯೇ ನಮಗೂ ಇದೆ. ಬೇಲಿಯನ್ನು ಹಾಕಿದ್ದು ಬೆಳೆಗಾಗಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಈಗ ಕರ್ತನ ನಡತೆಯನ್ನು ನೋಡೋಣ. ಒಂದು ಸಬ್ಬತ್ ದಿನದಲ್ಲಿ ಆತನು ಪೈರಿನ ಹೊಲಗಳಲ್ಲಿ ಹಾದುಹೋಗುತ್ತಿದ್ದಾಗ ಶಿಷ್ಯರು ಹಸಿದು ತೆನೆಗಳನ್ನು ಮುರಿದು ಕೈಯಲ್ಲಿ ಹೊಸಕಿಕೊಂಡು ತಿಂದರು. ಇದು ಕಳ್ಳತನವಲ್ಲ. ನೆರೆಯವನ ಹೊಲದಲ್ಲಿ ಹೋಗುವವನು ಕೈಯಿಂದ ತೆನೆ ಕೀಳಬಹುದು, ಕುಡುಗೋಲು ಮಾತ್ರ ಹಾಕಬಾರದು ಎಂದು ಧರ್ಮೋಪದೇಶಕಾಂಡವೇ ಅಪ್ಪಣೆಕೊಟ್ಟಿತ್ತು. ಫರಿಸಾಯರ ತಕರಾರು ದಿನದ ವಿಷಯದ್ದು: ತೆನೆ ಮುರಿದದ್ದು ಕೊಯ್ಲಾಯಿತು, ಹೊಸಕಿದ್ದು ಒಕ್ಕಣೆಯಾಯಿತು. ಕರ್ತನು ಉತ್ತರವಾಗಿ, ದಾವೀದನು ಹಸಿದಾಗ ಯಾಜಕರಿಗೆ ಮಾತ್ರ ಸಲ್ಲುವ ನೈವೇದ್ಯದ ರೊಟ್ಟಿಯನ್ನು ತಾನೂ ತಿಂದು ತನ್ನವರಿಗೂ ಕೊಟ್ಟ ಸಂಗತಿಯನ್ನು ಎತ್ತಿ, ಸಬ್ಬತ್ತು ಉಂಟಾದದ್ದು ಮನುಷ್ಯನ ಮೇಲಿಗಾಗಿಯೇ ಎಂದು ತಿಳಿಸಿದನು.

ಬತ್ತಿದ ಕೈಯುಳ್ಳವನ ಸಂಗತಿ ಇನ್ನೂ ಗಮನಾರ್ಹವಾದದ್ದು. ಅವನಿಗೆ ಪ್ರಾಣಾಪಾಯವಿರಲಿಲ್ಲ. ಸೂರ್ಯನು ಮುಳುಗಿದರೆ ಸಬ್ಬತ್ತು ತೀರುತ್ತಿತ್ತು. ಅಷ್ಟು ಹೊತ್ತು ಕಾದಿದ್ದರೆ ಯಾರೂ ತಪ್ಪುಹುಡುಕುತ್ತಿರಲಿಲ್ಲ. ಹದಿನೆಂಟು ವರುಷ ನಡುಬಗ್ಗಿ ನಡೆದ ಹೆಂಗಸಿನ ವಿಷಯವೂ ಹಾಗೆಯೇ. ಸಭಾಮಂದಿರದ ಅಧಿಕಾರಿಯು ಅದನ್ನೇ ಹೇಳಿದನು: ವಾಸಿಮಾಡಿಸಿಕೊಳ್ಳುವದಕ್ಕೆ ವಾರದಲ್ಲಿ ಬೇರೆ ಆರು ದಿನಗಳಿವೆಯಲ್ಲಾ. ಅಕ್ಷರದ ಪ್ರಕಾರ ಅವನ ಮಾತು ಸರಿ. ಆದರೆ ಕರ್ತನು, ನೀರು ಕುಡಿಸುವದಕ್ಕಾಗಿ ಎತ್ತಿನ ಹಗ್ಗವನ್ನು ಸಬ್ಬತ್ತಿನಲ್ಲಿ ಬಿಚ್ಚುವವರು ಅಬ್ರಹಾಮನ ಮಗಳ ಕಟ್ಟನ್ನು ಬಿಚ್ಚಬಾರದೆಂದು ಹೇಗೆ ಹೇಳುವಿರಿ ಎಂಬರ್ಥದಲ್ಲಿ ಅವನ ಬಾಯಿ ಮುಚ್ಚಿಸಿದನು. ಹದಿನೆಂಟು ವರುಷ ಕಾದವಳು ಇನ್ನೊಂದು ದಿನ ಕಾಯಲಿ ಎಂಬದು ಆರೋಗ್ಯವಂತನ ಲೆಕ್ಕ. ಆಕೆಯನ್ನು ಹದಿನೆಂಟು ವರುಷ ಕಾಯಿಸಿದ್ದು ಸಾಕು, ಇನ್ನು ಒಂದು ಗಳಿಗೆಯೂ ಬೇಡ ಎಂಬದು ಕರ್ತನ ಲೆಕ್ಕ.

ಇಷ್ಟನ್ನು ಎಲ್ಲರೂ ಬಲ್ಲರು. ಬಹಳ ಮಂದಿ ಇಲ್ಲಿಗೇ ನಿಲ್ಲಿಸಿ, ಹಾಗಾದರೆ ಕರ್ತನು ಸಡಿಲಿಸುವವನೆಂದೂ ನಾವೂ ಸಡಿಲಿಸಬಹುದೆಂದೂ ತೀರ್ಮಾನಿಸುತ್ತಾರೆ. ಆದರೆ ಸುವಾರ್ತೆಗಳಲ್ಲಿ ಮತ್ತೆರಡು ಸಂಗತಿಗಳನ್ನು ಕಾಣುತ್ತೇವೆ.

ಒಂದನೆಯದು, ಕರ್ತನು ತನಗೋಸ್ಕರ ಹೀಗೆ ಸಡಿಲಿಸಿಕೊಳ್ಳಲಿಲ್ಲ. ಹೊಲದಲ್ಲಿ ತೆನೆ ತಿಂದವರು ಶಿಷ್ಯರೆಂದು ಬರೆದಿದೆ; ಆತನು ತಿಂದನೆಂದು ಯಾವ ಸುವಾರ್ತಿಕನೂ ಬರೆಯಲಿಲ್ಲ. ಅಡವಿಯಲ್ಲಿ ನಾಲ್ವತ್ತು ದಿನ ಹಸಿದಿದ್ದಾಗ ಕಲ್ಲನ್ನು ರೊಟ್ಟಿಮಾಡಿಕೊಳ್ಳೆಂದು ಸೈತಾನನು ಪ್ರೇರಿಸಿದರೂ ಆತನು ಒಪ್ಪಲಿಲ್ಲ. ಸಬ್ಬತ್ತಿನಲ್ಲಿ ಸಭಾಮಂದಿರಕ್ಕೆ ಹೋಗುವದು ಆತನ ವಾಡಿಕೆಯಾಗಿತ್ತೆಂದು ಲೂಕನು ಹೇಳುತ್ತಾನೆ. ದೇವಾಲಯದ ತೆರಿಗೆಯ ವಿಷಯದಲ್ಲಿ ಮಗನು ಸ್ವತಂತ್ರನೆಂದು ಪೇತ್ರನಿಗೆ ತಿಳಿಸಿ, ಆದರೂ ಮತ್ತೊಬ್ಬರಿಗೆ ವಿಘ್ನವಾಗಬಾರದೆಂದು ಅದನ್ನು ಸಲ್ಲಿಸಿದನು. ಬತ್ತಿದ ಕೈಯವನನ್ನು ವಾಸಿಮಾಡಿದ್ದರಿಂದ ಆತನಿಗೆ ದೊರೆತ ಲಾಭವೇನು? ಆ ದಿನವೇ ಫರಿಸಾಯರು ಹೆರೋದ್ಯರ ಸಂಗಡ ಕೂಡಿ ಆತನನ್ನು ಕೊಲ್ಲುವ ಆಲೋಚನೆಗೆ ತೊಡಗಿದರು. ಮತ್ತೊಬ್ಬನಿಗಾಗಿ ಅಕ್ಷರವನ್ನು ದಾಟಿದ್ದರ ಬೆಲೆಯನ್ನು ಆತನು ತಾನೇ ತೆತ್ತನು.

ಎರಡನೆಯದು, ಆತನು ಎಷ್ಟೋ ವಿಧಿಗಳನ್ನು ಸಡಿಲಿಸದೆ ಬಿಗಿಮಾಡಿದನು. ಕೊಲೆಮಾಡಬಾರದೆಂಬ ಅಕ್ಷರವನ್ನು ಕೈಕೊಂಡು ಹಗೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವನನ್ನು ಆತನು ನಿರ್ದೋಷಿಯೆಂದು ಎಣಿಸಲಿಲ್ಲ. ತ್ಯಾಗಪತ್ರವನ್ನು ಬರೆದುಕೊಟ್ಟರೆ ಹೆಂಡತಿಯನ್ನು ಬಿಡಬಹುದೆಂದು ಗಂಡಸರು ಮೋಶೆಯ ಮಾತನ್ನು ಹಿಡಿದಾಗ, ಅದು ನಿಮ್ಮ ಕಠಿಣ ಹೃದಯಕ್ಕೆ ಕೊಟ್ಟ ಅಪ್ಪಣೆಯೆಂದು ಹೇಳಿ ಆ ಬಾಗಿಲನ್ನು ಮುಚ್ಚಿದನು. ಕೊರ್ಬಾನಿನ ವಿಷಯವನ್ನು ಮಾರ್ಕನ ಸುವಾರ್ತೆಯ ೭ನೆಯ ಅಧ್ಯಾಯದಲ್ಲಿ ನೋಡಿರಿ. ತಂದೆತಾಯಿಗಳಿಗೆ ಕೊಡತಕ್ಕದ್ದನ್ನು ಇದು ದೇವರಿಗೆ ಮೀಸಲೆಂದು ಒಬ್ಬನು ಹರಕೆಮಾಡಿಬಿಟ್ಟರೆ, ಆ ಹರಕೆಯ ಅಕ್ಷರವು ಅವನನ್ನು ತಂದೆತಾಯಿಗಳ ಪೋಷಣೆಯಿಂದ ಬಿಡಿಸುತ್ತಿತ್ತು. ಕರ್ತನು ಇದನ್ನು ದೇವರ ಆಜ್ಞೆಯ ಮೀರುವಿಕೆ ಎಂದನು. ನಮ್ಮಲ್ಲಿಯೂ ಇದಿಲ್ಲವೇ? ದೇವಾಲಯದ ಕಟ್ಟಡಕ್ಕೆ ದೊಡ್ಡ ಕಾಣಿಕೆ ಕೊಟ್ಟು ಗೋಡೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವನ ಮುದಿತಾಯಿ ನೆರೆಮನೆಯ ಗಂಜಿಯಿಂದ ಜೀವಿಸುವದಾದರೆ, ಆ ಕಲ್ಲಿನ ಮೇಲೆ ಇರುವದು ಕೊರ್ಬಾನ್ ಎಂಬ ಮಾತೇ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕರ್ತನ ನಡತೆಯಲ್ಲಿ ಒಂದು ಕ್ರಮವು ಕಾಣಿಸುತ್ತದೆ. ಯಾವ ವಿಧಿಯು ಮತ್ತೊಬ್ಬನ ಕುತ್ತಿಗೆಯ ಮೇಲೆ ನೊಗವಾಗಿ ಕೂತಿತ್ತೋ ಅದನ್ನು ಆತನು ಸಡಿಲಿಸಿದನು. ಯಾವ ವಿಧಿಯನ್ನು ಮನುಷ್ಯನು ತನ್ನ ಅನುಕೂಲಕ್ಕಾಗಿ ಸಡಿಲಿಸಿಕೊಂಡಿದ್ದನೋ ಅದನ್ನು ಬಿಗಿಮಾಡಿದನು. ನಾವು ಹುಡುಕುತ್ತಿದ್ದ ಒರೆಗಲ್ಲು ಇದೇ. ಅಕ್ಷರವನ್ನು ದಾಟುವವನನ್ನು ಹೀಗೆ ಕೇಳಬೇಕು: ಈ ಸಡಿಲಿಕೆಯಿಂದ ಯಾರ ಭಾರ ಇಳಿಯುತ್ತದೆ? ಅದರ ಬೆಲೆಯನ್ನು ಯಾರು ತೆರುತ್ತಾರೆ? ನೆರೆಯವನ ಭಾರ ಇಳಿದು ಬೆಲೆಯನ್ನು ತಾನು ತೆರುವದಾದರೆ, ಅಲ್ಲಿ ದೇವರಾತ್ಮನು ನಡಿಸುತ್ತಾನೆಂದು ನಂಬಬಹುದು. ತನ್ನ ಭಾರ ಇಳಿದು ಬೆಲೆಯನ್ನು ನೆರೆಯವನು ತೆರುವದಾದರೆ, ಅದಕ್ಕೆ ಆತ್ಮವೆಂದು ಹೆಸರಿಟ್ಟರೂ ಅದು ಶರೀರಭಾವವೇ.

ಈ ಒರೆಗಲ್ಲನ್ನು ಉಪಯೋಗಿಸುವದು ಎಲ್ಲಾ ಸಂಗತಿಗಳಲ್ಲಿಯೂ ಸುಲಭವೆಂದು ನಾವು ಹೇಳುವದಿಲ್ಲ. ಧರ್ಮೋಪದೇಶಕಾಂಡದ ೧೫ನೆಯ ಅಧ್ಯಾಯದ ಪ್ರಕಾರ ಏಳನೆಯ ವರುಷದಲ್ಲಿ ಸಾಲಗಳನ್ನೆಲ್ಲಾ ಬಿಟ್ಟುಬಿಡಬೇಕಾಗಿತ್ತು. ಬಡವನ ರಕ್ಷಣೆಗಾಗಿ ಕೊಟ್ಟ ವಿಧಿ ಅದು. ಆದರೆ ಏಳನೆಯ ವರುಷ ಹತ್ತಿರವಾದಂತೆ ಹಣವುಳ್ಳವರು ಸಾಲ ಕೊಡುವದನ್ನೇ ನಿಲ್ಲಿಸಿದರು. ಬಡವನು ಬೀಜಕ್ಕೂ ಗತಿಯಿಲ್ಲದವನಾದನು. ಕರ್ತನ ಜನನಕ್ಕೆ ಸ್ವಲ್ಪ ಮುಂಚೆ ಪ್ರಸಿದ್ಧನಾಗಿದ್ದ ಹಿಲ್ಲೇಲನೆಂಬ ಬೋಧಕನು ಇದನ್ನು ಕಂಡು, ಸಾಲವನ್ನು ನ್ಯಾಯಸಭೆಯ ವಶಕ್ಕೆ ಒಪ್ಪಿಸುವ ಒಂದು ಪತ್ರವನ್ನು ಏರ್ಪಡಿಸಿದನು. ಹಾಗೆ ಒಪ್ಪಿಸಿದ ಸಾಲವು ಏಳನೆಯ ವರುಷದಲ್ಲಿ ತೀರಿಹೋಗುತ್ತಿರಲಿಲ್ಲವಾದದರಿಂದ ಜನರು ಮತ್ತೆ ಬಡವರಿಗೆ ಸಾಲಕೊಡುವದಕ್ಕೆ ಧೈರ್ಯಗೊಂಡರು. ಇಲ್ಲಿ ಅಕ್ಷರವು ಬದಿಗಿಡಲ್ಪಟ್ಟಿತು. ಬಡವನಿಗೂ ಅನುಕೂಲವಾಯಿತು, ಹಣವುಳ್ಳವನಿಗೂ ಅನುಕೂಲವಾಯಿತು. ಇದು ಆತ್ಮವೋ ಶರೀರವೋ? ಅದೇ ಪತ್ರವನ್ನು ಹಿಡಿದು ಒಬ್ಬನು ಬಿತ್ತನೆಯ ಕಾಲದಲ್ಲಿ ನೆರೆಯವನಿಗೆ ಬೀಜವನ್ನು ಕೊಡಬಹುದು. ಮತ್ತೊಬ್ಬನು ಅದೇ ಪತ್ರವನ್ನು ಹಿಡಿದು ನೆರೆಯವನ ಹೊಲವನ್ನೇ ಕಸಿದುಕೊಳ್ಳಬಹುದು. ಕಾಗದ ಒಂದೇ, ಬರಹ ಒಂದೇ. ಆದದರಿಂದ ವಿಧಿಯನ್ನು ಒಮ್ಮೆ ವಿವೇಕದಿಂದ ತಿದ್ದಿದರೆ ಕೆಲಸ ತೀರಿತೆಂದು ತಿಳಿಯಬಾರದು. ತಿದ್ದಿದ ವಿಧಿಯೂ ಮರುದಿನವೇ ಅಕ್ಷರವಾಗುತ್ತದೆ. ಅದನ್ನು ಹಿಡಿದ ಕೈಯನ್ನು ಪುನಃ ಪರೀಕ್ಷಿಸಬೇಕಾಗುತ್ತದೆ.

ಅಕ್ಷರದಲ್ಲಿ ನಿಷೇಧವಿಲ್ಲವೆಂದು ಆಶ್ರಯ ಪಡೆಯುವವರೂ ಇದ್ದಾರೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರಿಂದ ಬಂದ ಸಹೋದರರ ಸಂಗಡ ಊಟಮಾಡುತ್ತಿದ್ದು, ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹಿಂಜರಿದು ಬೇರೆ ಕೂತನು. ಅವನು ಯಾರನ್ನೂ ಬೈಯಲಿಲ್ಲ, ಯಾರನ್ನೂ ಸಭೆಯಿಂದ ಹೊರಗೆ ಹಾಕಲಿಲ್ಲ. ಎದ್ದು ಬೇರೆ ಕೂತನು, ಅಷ್ಟೇ. ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಿ, ಇದು ಸುವಾರ್ತೆಯ ಸತ್ಯಕ್ಕೆ ಸರಿಯಾದ ನಡೆಯಲ್ಲವೆಂದು ಖಂಡಿಸಿದನು. ನಮ್ಮ ದಕ್ಷಿಣ ದೇಶದ ಸಭೆಗಳಲ್ಲಿಯೂ ಇದೇ ಪ್ರಶ್ನೆ ಎದ್ದಿತು. ತಂಜಾವೂರು ಮೊದಲಾದ ಕಡೆಗಳಲ್ಲಿ ಜಾತಿಯ ಪ್ರಕಾರ ಬೇರೆ ಬೇರೆ ಕೂತುಕೊಳ್ಳುವದೂ, ರಾತ್ರಿಭೋಜನದಲ್ಲಿ ಮೇಲು ಕೀಳೆಂಬ ಸರದಿಯನ್ನು ಹಿಡಿಯುವದೂ ಬಹುಕಾಲ ನಡೆದುಬಂದವು. ಇದು ಲೋಕಾಚಾರ, ಧರ್ಮದ ವಿಷಯವಲ್ಲ, ಇದನ್ನು ನಿಷೇಧಿಸುವ ವಾಕ್ಯವೆಲ್ಲಿ ಎಂಬದೇ ಅವರ ವಾದ. ೧೮೩೩ರಲ್ಲಿ ಕಲ್ಕತ್ತೆಯ ಬಿಷಪರಾದ ಡೇನಿಯಲ್ ವಿಲ್ಸನ್ ಎಂಬವರು, ಸಭೆಯಲ್ಲಿ ಜಾತಿಭೇದವನ್ನು ಪೂರ್ಣವಾಗಿ ಬಿಟ್ಟುಬಿಡತಕ್ಕದ್ದೆಂದು ಬರೆದು ಕಳುಹಿಸಿದರು. ಅದಕ್ಕೆ ಒಪ್ಪದೆ ಸಭೆಯನ್ನು ಬಿಟ್ಟುಹೋದವರು ಬಹಳ ಮಂದಿ. ಬೇರೆ ಚಾಪೆ ಹಾಸಬಾರದೆಂಬ ವಾಕ್ಯವು ಸತ್ಯವೇದದಲ್ಲಿ ಇಲ್ಲದಿರಬಹುದು. ಆದರೆ ಬೇರೆ ಚಾಪೆಯ ಮೇಲೆ ಕೂರಿಸಲ್ಪಟ್ಟವನ ಭಾರವನ್ನು ನೋಡಿದವನಿಗೆ ವಾಕ್ಯವನ್ನು ಹುಡುಕುವ ಅಗತ್ಯವಿರುವದಿಲ್ಲ. ಈ ಚಾಪೆಗಳು ನಮ್ಮ ಎಲ್ಲಾ ಊರುಗಳಿಂದಲೂ ಎದ್ದುಹೋದವೋ, ಇಲ್ಲವೆ ಮದುವೆಯ ಊಟದಲ್ಲಿಯೂ ಸ್ಮಶಾನದಲ್ಲಿಯೂ ಇನ್ನೂ ಹಾಸಲ್ಪಟ್ಟಿವೆಯೋ ಎಂಬದನ್ನು ಪ್ರತಿಯೊಂದು ಸಭೆಯವರೂ ತಮ್ಮ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಲಿ.

ಪ್ರಿಯ ವಾಚಕರೇ, ಇನ್ನು ನಮ್ಮ ಹಳ್ಳಿಯ ಭಾನುವಾರಕ್ಕೆ ಬರೋಣ. ವಿಧವೆಯೊಬ್ಬಳ ರಾಗಿ ಹೊಲದಲ್ಲಿ ಕೊಯ್ದು ಬಿದ್ದಿದೆ, ಮೋಡ ಕವಿದಿದೆ, ಅವಳಿಗೆ ಗಂಡುದಿಕ್ಕಿಲ್ಲ. ಸಭೆಯವರು ಆರಾಧನೆಯನ್ನು ಮುಗಿಸಿಕೊಂಡು, ಬೇಕಾದರೆ ಆರಾಧನೆಯನ್ನೇ ಮೊಟಕುಮಾಡಿಕೊಂಡು, ಹೋಗಿ ಸಿವುಡು ಕಟ್ಟಿ ಮೆದೆ ಒಟ್ಟಿ ಬರಲಿ. ಅವರು ಕರ್ತನ ದಿನವನ್ನು ಕೆಡಿಸಿದವರಲ್ಲ, ಕೈಕೊಂಡವರೇ. ಮಳೆಯ ಭಯದಿಂದ ಒಬ್ಬನು ತನ್ನ ಸ್ವಂತ ಹೊಲಕ್ಕೇ ಹೋದರೆ ಏನು ಹೇಳೋಣ? ಅವನ ಮಕ್ಕಳ ವರುಷದ ಊಟವು ಆ ಹೊಲದಲ್ಲಿ ಬಿದ್ದಿರುವಾಗ ನಾವು ಅವನ ಮೇಲೆ ಕಲ್ಲೆಸೆಯುವದಿಲ್ಲ. ಆದರೆ ವಿಧವೆಯ ಮೆದೆಗೂ ತನಗೆ ಇಷ್ಟೇ ಅವಸರವುಂಟಾಗುತ್ತಿತ್ತೋ ಎಂದು ಅವನು ದೇವರ ಮುಂದೆ ತನ್ನನ್ನೇ ಕೇಳಿಕೊಳ್ಳಲಿ. ಸಂಗಡ ಕರೆದ ಆಳುಗಳಿಗೆ ವಾರದ ಮತ್ತೊಂದು ದಿನ ವಿಶ್ರಾಂತಿಯನ್ನು ಕೊಡಲಿ. ಮೋಡವಿಲ್ಲದ ಭಾನುವಾರದಲ್ಲಿಯೂ ಮೋಡದ ಮಾತನ್ನು ಆಡುವವನು ಮಾತ್ರ ತನ್ನನ್ನು ತಾನೇ ಮೋಸಪಡಿಸಿಕೊಳ್ಳುತ್ತಾನೆ.

ಮತ್ತೊಬ್ಬನಿದ್ದಾನೆ, ಇವನ ವಿಷಯವನ್ನು ಹಿರಿಯರ ಕೂಟದಲ್ಲಿ ಯಾರೂ ಎತ್ತುವದಿಲ್ಲ. ಇವನು ಹೊಲಗದ್ದೆಯುಳ್ಳವನು, ಸಭಿಕನು, ಒಂದು ಭಾನುವಾರವನ್ನೂ ತಪ್ಪಿಸದವನು. ಬಿಳೀ ಬಟ್ಟೆ ಉಟ್ಟು ಮುಂದಿನ ಸಾಲಿನಲ್ಲಿ ಕೂತುಕೊಳ್ಳುತ್ತಾನೆ. ಅದೇ ಹೊತ್ತಿನಲ್ಲಿ ಇವನ ಕೂಲಿಯಾಳುಗಳು ಇವನ ಗದ್ದೆಯ ಕೆಸರಿನಲ್ಲಿ ನಿಂತಿದ್ದಾರೆ. ಇವನು ಕೆಲಸ ಮಾಡಲಿಲ್ಲವೆಂಬದು ಅಕ್ಷರಶಃ ನಿಜ. ಆದರೆ ದಾಸನೂ ದಾಸಿಯೂ ತನ್ನಂತೆಯೇ ವಿಶ್ರಮಿಸಬೇಕೆಂಬ ಆಜ್ಞೆಯ ಹೃದಯವನ್ನೇ ಇವನು ಮೀರಿದ್ದಾನೆ. ಕೆಸರಿನಲ್ಲಿ ನಿಂತವನನ್ನು ರಾತ್ರಿಭೋಜನದಿಂದ ತಡೆದು, ನಿಲ್ಲಿಸಿದವನಿಗೆ ರೊಟ್ಟಿಯನ್ನೂ ಪಾತ್ರೆಯನ್ನೂ ಕೊಡುವ ಸಭೆಯು ಯಾರ ನ್ಯಾಯವನ್ನು ನಡಿಸುತ್ತದೆ?

ಕೂಲಿಯವನ ವಿಷಯದಲ್ಲಿ ಹಳೇ ಸಭೆಯ ಚರಿತ್ರೆಯು ನಮಗೆ ಬುದ್ಧಿಕಲಿಸಲಿ. ಕ್ರಿ. ಶ. ೧೧೨ರ ಸುಮಾರಿನಲ್ಲಿ ಬಿಥೂನ್ಯದ ದೇಶಾಧಿಪತಿಯಾಗಿದ್ದ ಪ್ಲಿನಿ ಎಂಬವನು ಕ್ರೈಸ್ತರನ್ನು ವಿಚಾರಿಸಿ ಚಕ್ರವರ್ತಿಗೆ ಒಂದು ಪತ್ರವನ್ನು ಬರೆದನು. ಇವರು ಗೊತ್ತಾದ ಒಂದು ದಿನದಲ್ಲಿ ಬೆಳಕು ಹರಿಯುವದಕ್ಕೆ ಮುಂಚೆ ಕೂಡಿ ಕ್ರಿಸ್ತನನ್ನು ಕೀರ್ತಿಸಿ ಚದರಿಹೋಗುವರೆಂದೂ, ಮತ್ತೆ ಊಟಕ್ಕಾಗಿ ಕೂಡುವರೆಂದೂ ಅದರಲ್ಲಿ ಬರೆದಿದ್ದಾನೆ. ಸಭೆಯಲ್ಲಿ ಸೇವಕಿಯರೆನ್ನಿಸಿಕೊಂಡಿದ್ದ ಇಬ್ಬರು ದಾಸಿಯರನ್ನು ಅವನು ಹಿಂಸೆಪಡಿಸಿ ವಿಚಾರಿಸಿದನು. ಆ ಕಾಲದಲ್ಲಿ ಭಾನುವಾರವು ಎಲ್ಲರಿಗೂ ಕೆಲಸದ ದಿನ, ದಾಸರಿಗೆ ರಜವೆಲ್ಲಿಯದು? ಅಂಥವರೂ ಸಭೆಯಲ್ಲಿದ್ದರು, ಸೇವೆಯ ಕೆಲಸಕ್ಕೂ ನೇಮಿಸಲ್ಪಟ್ಟರು. ಭಾನುವಾರವನ್ನು ವಿಶ್ರಾಂತಿಯ ದಿನವನ್ನಾಗಿ ರಾಜಾಜ್ಞೆಯಿಂದ ಏರ್ಪಡಿಸಿದವನು ಕಾನ್‌ಸ್ಟಂಟೈನ್ ಚಕ್ರವರ್ತಿ, ಅದು ೩೨೧ರಲ್ಲಿ. ಆ ಆಜ್ಞೆಯಲ್ಲಿಯೂ ಊರುಗಳ ನ್ಯಾಯಾಧಿಪತಿಗಳಿಗೂ ಕಸುಬುದಾರರಿಗೂ ವಿಶ್ರಾಂತಿಯನ್ನು ವಿಧಿಸಿ, ಬೇಸಾಯಗಾರರಿಗೆ ಮಾತ್ರ, ಹದ ತಪ್ಪಿದರೆ ಬಿತ್ತನೆ ಕೆಡುವದೆಂಬ ಕಾರಣದಿಂದ, ಹೊಲದ ಕೆಲಸಕ್ಕೆ ಅಪ್ಪಣೆ ಕೊಡಲ್ಪಟ್ಟಿತು. ಮುನ್ನೂರು ವರುಷಗಳ ವರೆಗೆ ಸಭೆಯು ವಿಶ್ರಾಂತಿಯ ದಿನವಿಲ್ಲದೆ ಇದ್ದರೂ ಆರಾಧನೆಯಿಲ್ಲದೆ ಇರಲಿಲ್ಲ.

ಹೀಗಿರುವಲ್ಲಿ ನಮ್ಮ ಹಿರಿಯರು ಏನು ಮಾಡತಕ್ಕದ್ದು? ಕೂಲಿಯವನನ್ನು ವಿಚಾರಣೆಗೆ ಕರೆಸುವ ಮೊದಲು ಒಡೆಯನ ಮನೆಗೆ ಹೋಗಿ, ಇವನಿಗೆ ಒಂದು ದಿನ ಬಿಡುವನ್ನು ಕೊಡಿರಿ ಎಂದು ಅವನ ಪರವಾಗಿ ಬೇಡಲಿ. ಒಡೆಯನು ಕ್ರೈಸ್ತನಾಗಿದ್ದರೆ ಬೇಡುವದು ಮಾತ್ರವಲ್ಲ, ಎಚ್ಚರಿಸಲಿ. ಅದು ನಡೆಯದಿದ್ದರೆ ಆರಾಧನೆಯನ್ನು ಮುಂಜಾನೆಯ ನಸುಕಿಗೋ, ದೀಪ ಹಚ್ಚುವ ಹೊತ್ತಿಗೋ ಬದಲಾಯಿಸಲಿ. ಹತ್ತು ಗಂಟೆಯ ಆರಾಧನೆಯೆಂಬದು ಸೀನಾಯಿ ಬೆಟ್ಟದಿಂದ ಇಳಿದು ಬಂದದ್ದಲ್ಲ. ಇದರಿಂದ ಮನೆಯಲ್ಲಿ ಬಿಡುವಾಗಿರುವವರಿಗೆ 조ಕಷ್ಟವಾದೀತು. ಆ ಕಷ್ಟವನ್ನು ಅವರು ಸಹಿಸುವದೇ ಆತ್ಮದ ಪ್ರಕಾರ ನಡೆಯುವದರ ಗುರುತು. ಆಸ್ಪತ್ರೆಯಲ್ಲಿ ರೋಗಿಗಳ ಬಳಿ ಇರುವ ದಾದಿಯೂ, ಇಂಥ ಬೇರೆ ಕೆಲಸಗಳಲ್ಲಿರುವ ನಮ್ಮ ಮಕ್ಕಳೂ ತಾವು ಸಭೆಯಿಂದ ದೂರವಾದೆವೆಂದು ಅಂಜದಂತೆ ಅವರಿಗೂ ಇದೇ ರೀತಿ ಸ್ಥಳಮಾಡಿಕೊಡಲಿ.

ಹಾಗಾದರೆ ವಿಧಿಗಳೇ ಬೇಡವೋ? ಬೇಕು. ಒಬ್ಬನಿಗೆ ಸಡಿಲಿಸಿದರೆ ಹತ್ತು ಮಂದಿ ಬರುವರೆಂಬ ಹಿರಿಯರ ಅಂಜಿಕೆ ಹುರುಳಿಲ್ಲದ್ದಲ್ಲ. ಬೇಲಿಯಿಲ್ಲದ ಹೊಲವು ಊರ ದನಗಳ ಪಾಲು. ಹಿತ್ತಲಿನ ಮರುಗ ಜೀರಿಗೆಗಳಲ್ಲಿಯೂ ಹತ್ತರಲ್ಲೊಂದು ಪಾಲನ್ನು ಎಣಿಸಿಕೊಡುತ್ತಿದ್ದ ಫರಿಸಾಯರನ್ನು ಕರ್ತನು ಖಂಡಿಸಿದಾಗಲೂ, ಅದನ್ನು ನಿಲ್ಲಿಸಿರಿ ಎಂದು ಹೇಳಲಿಲ್ಲ. ನ್ಯಾಯವನ್ನೂ ಕರುಣೆಯನ್ನೂ ನಂಬಿಕೆಯನ್ನೂ ಬಿಟ್ಟು ಅದೊಂದನ್ನೇ ಹಿಡಿದದ್ದಕ್ಕೆ ಖಂಡಿಸಿದನು. ಆದದರಿಂದ ನಮ್ಮ ಸಭೆಯ ವಿಧಿಗಳು ಇರಲಿ. ಪ್ರತಿಯೊಬ್ಬನೂ ಅವುಗಳನ್ನು ತನಗೆ ಅನ್ವಯಿಸಿಕೊಳ್ಳುವಾಗ ಬಿಗಿಯಾಗಿಯೂ, ಭಾರಹೊತ್ತ ನೆರೆಯವನಿಗೆ ಅನ್ವಯಿಸುವಾಗ ಕನಿಕರದಿಂದಲೂ ಹಿಡಿಯಲಿ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವದು ಇದಕ್ಕೆ ತಿರುಗುಮುರುಗು.

ಕೊನೆಗೆ ಒಂದು ಮಾತು. ಆತ್ಮದ ದಾರಿ ಸುಲಭವೆಂದೂ ಅಕ್ಷರದ ದಾರಿ ಕಷ್ಟವೆಂದೂ ಎಣಿಸುವವರು ತಪ್ಪಾಗಿ ತಿಳಿದಿದ್ದಾರೆ. ಅಕ್ಷರಕ್ಕೆ ಒಂದು ಎಲ್ಲೆಯುಂಟು. ಹತ್ತರಲ್ಲೊಂದು ಪಾಲು ಕೊಟ್ಟವನು ಉಳಿದ ಒಂಭತ್ತನ್ನು ನೋಡಿ ನೆಮ್ಮದಿಯಾಗಿ ಮಲಗಬಹುದು. ಸಹೋದರನನ್ನು ಏಳು ಸಾರಿ ಕ್ಷಮಿಸಿದರೆ ಸಾಕೋ ಎಂದು ಪೇತ್ರನು ಕೇಳಿದ್ದು ಆ ಎಲ್ಲೆಯನ್ನು ತಿಳಿಯುವದಕ್ಕೇ. ಕರ್ತನ ಉತ್ತರವು ಆ ಲೆಕ್ಕದ ಪುಸ್ತಕವನ್ನೇ ಮುಚ್ಚಿಸಿತು. ಪ್ರೀತಿಗೆ ಇಷ್ಟಾದರೆ ಸಾಕೆಂಬ ಗುರುತು ಇಲ್ಲ. ಇಂಥ ದಾರಿಯಲ್ಲಿ ತನ್ನ ಸ್ವಂತ ಬಲದಿಂದ ನಡೆಯಬಲ್ಲವನು ಯಾರೂ ಇಲ್ಲ. ಇದನ್ನು ಬಲ್ಲವನಾಗಿಯೇ ದೇವರು ಯೆರೆಮೀಯನ ಬಾಯಿಂದ, ತನ್ನ ಧರ್ಮವನ್ನು ಕಲ್ಲಿನಲ್ಲಿ ಅಲ್ಲ, ಜನರ ಹೃದಯದಲ್ಲಿಯೇ ಬರೆಯುವೆನೆಂದು ವಾಗ್ದಾನಮಾಡಿದನು. ಕ್ರಿಸ್ತನ ರಕ್ತದಲ್ಲಿ ಆ ಒಡಂಬಡಿಕೆಯನ್ನು ಸ್ಥಾಪಿಸಿದನು. ನಮಗೆ ಆತ್ಮನು ಕೊಡಲ್ಪಟ್ಟದ್ದು ಆಜ್ಞೆಯಿಂದ ತಪ್ಪಿಸಿಕೊಳ್ಳುವದಕ್ಕಲ್ಲ, ಆಜ್ಞೆಯು ಹುಡುಕುತ್ತಿದ್ದ ಫಲವನ್ನು ಕೊಡುವದಕ್ಕೆ.

ಆದಕಾರಣ ಮುಂದಿನ ರಾತ್ರಿಭೋಜನಕ್ಕೆ ಮುಂಚೆ ಹಿರಿಯರು ಹೆಸರುಗಳ ಪಟ್ಟಿಯನ್ನು ಓದುವಾಗ, ತಡೆಯಲ್ಪಟ್ಟವರ ಹೆಸರುಗಳ ಮುಂದೆ ಸ್ವಲ್ಪ ನಿಂತು, ಇವನ ಮೇಲೆ ಈ ಭಾರವನ್ನು ಹೊರಿಸಿದವರಾರು ಎಂದು ವಿಚಾರಿಸಲಿ. ಆ ಹೆಸರು ಅದೇ ಪಟ್ಟಿಯಲ್ಲಿ, ತಡೆಯಿಲ್ಲದೆ ದಾಖಲಾಗಿದ್ದರೆ, ಅವನ ಬಳಿಗೂ ಹೋಗಲಿ. ಹಾಗೆ ಮಾಡುವ ಧೈರ್ಯವನ್ನೂ ಪ್ರೀತಿಯನ್ನೂ ನಮ್ಮ ಕರ್ತನು ತನ್ನ ಆತ್ಮದ ಮೂಲಕ ನಮ್ಮೆಲ್ಲಾ ಸಭೆಗಳಿಗೆ ಅನುಗ್ರಹಿಸಲಿ.